ಹುಳಿಗೂ ಒಂದು ಜಾಗವಿದೆ

ಮಕ್ಕಳೇ, ಈ ವಾರದ ಮಾತು ಅಡುಗೆಮನೆಯಿಂದಲೇ ಶುರುವಾಗಲಿ. ಒಂದು ಬಿಳಿ ತಟ್ಟೆಗೆ ಸ್ವಲ್ಪ ನೀರು ಹಾಕಿ, ಅದರಲ್ಲಿ ಒಂದು ಚಿಟಿಕೆ ಅರಿಸಿನ ಕದಡಿ. ನೀರು ಹಳದಿಯಾಗುತ್ತದೆ. ಈಗ ಅಜ್ಜಿಯನ್ನು ಕರೆದು, ಎಲೆಅಡಿಕೆ ತಟ್ಟೆಯ ಸುಣ್ಣವನ್ನು ಸಾಸಿವೆ ಕಾಳಿನಷ್ಟು ಹಾಕಲು ಹೇಳಿ. ಸುಣ್ಣ ಕಣ್ಣಿಗೆ ತಾಗಿದರೆ ಅಪಾಯ, ಆದ್ದರಿಂದ ಆ ಕೆಲಸ ಅಜ್ಜಿಗೇ ಇರಲಿ. ಹಳದಿ ನೀರು ಒಂದೇ ಕ್ಷಣದಲ್ಲಿ ಕೆಂಪಾಗುತ್ತದೆ. ಇದು ನಿಮಗೆ ಗೊತ್ತಿಲ್ಲದ ನೀರೇನಲ್ಲ, ಮದುವೆ ಮುಂಜಿಗಳಲ್ಲಿ ಆರತಿ ಎತ್ತುವ ಓಕುಳಿ ನೀರು. ಈಗ ಅದಕ್ಕೆ ನಿಂಬೆಹಣ್ಣು ಹಿಂಡಿ. ಕೆಂಪು ಮಾಯವಾಗಿ ಹಳದಿ ಮತ್ತೆ ಬರುತ್ತದೆ.

ಅರಿಸಿನಕ್ಕೆ ನಾಲಿಗೆಯಿಲ್ಲ. ಆದರೂ ತನ್ನ ಸುತ್ತ ಇರುವುದು ನಿಂಬೆಯ ಜಾತಿಯೋ ಸುಣ್ಣದ ಜಾತಿಯೋ ಎಂದು ಅದು ಬಣ್ಣದಲ್ಲೇ ಹೇಳಿಬಿಟ್ಟಿತು. ನಿಂಬೆಯ ಜಾತಿಗೆ ಆಮ್ಲ ಎಂದೂ ಸುಣ್ಣದ ಜಾತಿಗೆ ಕ್ಷಾರ ಎಂದೂ ನಿಮ್ಮ ಪಾಠದಲ್ಲಿ ಓದಿರುತ್ತೀರಿ.

ಈಗ ಒಂದು ಪ್ರಶ್ನೆ. ಇಂಥ ಒಂದು ಅರಿಸಿನವನ್ನು ಬದುಕಿರುವ ಪ್ರಾಣಿಯ ಮೈಯೊಳಗೆ, ಕಣ್ಣಿಗೆ ಕಾಣದ ಒಂದು ಜೀವಕೋಶದೊಳಗೆ ಕಳಿಸಿ, "ಅಲ್ಲಿ ಎಷ್ಟು ಹುಳಿ ಇದೆ?" ಎಂದು ಕೇಳಬಹುದೇ? ಕೇಳಬಹುದು. ಕೇಳಿ ಉತ್ತರ ಪಡೆದವರಲ್ಲಿ ನಮ್ಮ ಬೆಂಗಳೂರಿನ ವಿಜ್ಞಾನಿಗಳೂ ಇದ್ದಾರೆ.

ಹುಳಿಯ ಅಳತೆಗೋಲು

ಮೊದಲು ಹುಳಿ ಎಂದರೇನು ನೋಡೋಣ. ನಿಂಬೆರಸ, ಹುಣಸೆರಸ, ಮೊಸರು ಇವೆಲ್ಲದರಲ್ಲೂ ಹೈಡ್ರೋಜನ್ ಅಯಾನು ಎಂಬ ಅತಿ ಚಿಕ್ಕ ಕಣಗಳು ಬಿಡಿಬಿಡಿಯಾಗಿ ಓಡಾಡುತ್ತಿರುತ್ತವೆ. ಅವು ಹೆಚ್ಚಿದಷ್ಟೂ ಹುಳಿ ಹೆಚ್ಚು. ಇದನ್ನು ಅಳೆಯಲು 1909ರಲ್ಲಿ ಡೆನ್ಮಾರ್ಕಿನ ಸೋರೆನ್ಸೆನ್ ಎಂಬ ವಿಜ್ಞಾನಿ ಪಿಎಚ್ ಎಂಬ ಅಳತೆಯನ್ನು ಬಳಕೆಗೆ ತಂದರು. ಅವರಿದ್ದದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಎಂಬ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ.

ಈ ಅಳತೆಯಲ್ಲಿ ನಡುವಿನ ಅಂಕಿ 7. ಶುದ್ಧ ನೀರು ಅಲ್ಲಿರುತ್ತದೆ. ಅಂಕಿ ಇಳಿದಷ್ಟೂ ಹುಳಿ, ಏರಿದಷ್ಟೂ ಕ್ಷಾರ. ನಿಂಬೆರಸ ಸುಮಾರು 2, ಮೊಸರು ನಾಲ್ಕೂವರೆಯ ಆಸುಪಾಸು, ಸುಣ್ಣದ ತಿಳಿನೀರು 12ರ ಮೇಲೆ. ಇಲ್ಲಿ ಒಂದು ಮಾತು ಚೆನ್ನಾಗಿ ನೆನಪಿಡಿ, ಮುಂದೆ ಲೆಕ್ಕಕ್ಕೆ ಬೇಕಾಗುತ್ತದೆ. ಒಂದು ಅಂಕಿ ಇಳಿದರೆ ಹುಳಿ ಒಂದರಷ್ಟಲ್ಲ, ಹತ್ತರಷ್ಟು ಹೆಚ್ಚುತ್ತದೆ. ಎರಡು ಇಳಿದರೆ ನೂರರಷ್ಟು, ಮೂರು ಇಳಿದರೆ ಸಾವಿರದಷ್ಟು. ಯಾವ ಚಕ್ರಬಡ್ಡಿಯೂ ಇಷ್ಟು ಬೇಗ ಬೆಳೆಯುವುದಿಲ್ಲ!

ಒಂದೇ ಮೈ, ಹಲವು ಕೋಣೆ

ನಮ್ಮ ಮೈ ಒಂದೇ ಆದರೂ ಅದರೊಳಗಿನ ಹುಳಿ ಎಲ್ಲ ಕಡೆ ಒಂದೇ ಸಮ ಇಲ್ಲ. ಜಠರದಲ್ಲಿ ನಿಂಬೆರಸದಷ್ಟೇ ಹುಳಿ. ಊಟದ ಜೊತೆ ಬಂದ ಎಷ್ಟೋ ರೋಗಾಣುಗಳು ಅಲ್ಲೇ ಸಾಯುತ್ತವೆ. ಅದೇ ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರಬೇಕು, ಅದಕ್ಕಿಂತ ಆಚೀಚೆ ಸರಿದರೆ ಆಸ್ಪತ್ರೆಯೇ ಗತಿ.

ಇನ್ನೂ ಒಳಗೆ ಹೋಗೋಣ. ಒಂದೊಂದು ಜೀವಕೋಶವೂ ಒಂದು ಮನೆ ಇದ್ದ ಹಾಗೆ. ಅದರ ನಡುಮನೆಯ ಪಿಎಚ್ ಸುಮಾರು 7.2. ಆದರೆ ಅದೇ ಮನೆಯೊಳಗೆ ಲೈಸೊಸೋಮ್ ಎಂಬ ಪುಟ್ಟ ಪುಟ್ಟ ಚೀಲಗಳಿವೆ. ಬೆಲ್ಜಿಯಂ ದೇಶದ ಕ್ರಿಶ್ಚಿಯನ್ ಡಿ ಡೂವ್ 1955ರಲ್ಲಿ ಇವುಗಳಿಗೆ ಹೆಸರಿಟ್ಟರು. ಹಳೆಯ ಸಾಮಾನು, ಕಸಕಡ್ಡಿ, ಒಳನುಗ್ಗಿದ ರೋಗಾಣು ಎಲ್ಲವನ್ನೂ ಕರಗಿಸುವ ಜಾಗ ಇದು. ಇಲ್ಲಿನ ಪಿಎಚ್ 5ರ ಹತ್ತಿರ, ಅಂದರೆ ನಡುಮನೆಗಿಂತ ನೂರು ಪಟ್ಟಿಗೂ ಹೆಚ್ಚು ಹುಳಿ. ಕಸ ಕರಗಿಸುವ ಕಿಣ್ವಗಳು ಈ ಹುಳಿಯಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತವೆ. ಅಕಸ್ಮಾತ್ ಅವು ಚೀಲದಿಂದ ನಡುಮನೆಗೆ ಸೋರಿದರೂ ಅಲ್ಲಿ ಹುಳಿ ಇಲ್ಲದ್ದರಿಂದ ಮಂಕಾಗುತ್ತವೆ. ಎಂಥ ಎಚ್ಚರಿಕೆ ನೋಡಿ!

ಈ ಚೀಲಗಳ ಕೆಲಸ ಕೆಟ್ಟರೆ ಕಸ ರಾಶಿ ಬೀಳುತ್ತದೆ. ಇಲ್ಲಿನ ಯಾವುದೋ ಒಂದು ಕಿಣ್ವ ಇಲ್ಲದೆ ಹುಟ್ಟಿದ ಮಕ್ಕಳಿಗೆ ಗೋಶೆ, ಪೋಂಪೆ ಮುಂತಾದ ಅಪರೂಪದ ಕಾಯಿಲೆಗಳು ಬರುತ್ತವೆ. ಆದ್ದರಿಂದ ಈ ಪುಟ್ಟ ಕೋಣೆಗಳೊಳಗೆ ಇಣುಕಿ ನೋಡುವುದು ಬರಿ ಕುತೂಹಲದ ಮಾತಲ್ಲ.

ಇಣುಕುವುದು ಹೇಗೆ? ಮಾಂಸದ ಚೂರನ್ನು ಅರೆದು ರಸ ತೆಗೆದು ಅಳೆದರೆ ಎಲ್ಲ ಕೋಣೆಗಳ ಹುಳಿಯೂ ಬೆರೆತು ಸರಾಸರಿ ಮಾತ್ರ ಸಿಗುತ್ತದೆ. ಒಂದು ಬ್ಯಾಂಕ್ ಶಾಖೆಯ ಸರಾಸರಿ ಠೇವಣಿ ಇಷ್ಟು ಎಂದರೆ, ಯಾರ ಖಾತೆಯಲ್ಲಿ ಲಕ್ಷ ಇದೆ, ಯಾರದ್ದು ಬರಿದಾಗಿದೆ ಎಂದು ತಿಳಿದೀತೇ? ಹಾಗೆಯೇ ಇದು. ಒಂದೊಂದು ಕೋಣೆಯನ್ನೂ ಬೇರೆಬೇರೆಯಾಗಿ, ಜೀವ ಇರುವಾಗಲೇ ನೋಡಬೇಕು.

ಮೊದಲ ಹಾದಿ ತೋರಿಸಿದವರಲ್ಲಿ ಒಬ್ಬರು ರಷ್ಯಾದ ಇಲ್ಯಾ ಮೆಚ್ನಿಕಾಫ್. 19ನೇ ಶತಮಾನದ ಕೊನೆಯಲ್ಲಿ ಅವರು ಸೂಕ್ಷ್ಮಜೀವಿಗಳಿಗೆ ನೀಲಿ ಲಿಟ್ಮಸ್ಸಿನ ಕಣಗಳನ್ನು ತಿನ್ನಿಸಿ, ಅವು ಒಳಗೆ ಹೋಗಿ ಕೆಂಪಾಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಒಳಗೆ ಹುಳಿ ಇದೆ ಎಂದು ಗೊತ್ತಾಯಿತು. ಆದರೆ ಲಿಟ್ಮಸ್ಸಿನ ಬಣ್ಣ ಮಂಕು, ಅಷ್ಟು ಚಿಕ್ಕ ಕೋಣೆಯಲ್ಲಿ ಎಷ್ಟು ಹುಳಿ ಎಂದು ಅಳೆಯಲು ಸಾಲದು. ಕತ್ತಲಲ್ಲಿ ತಾನೇ ಬೆಳಗುವ ಬಣ್ಣ ಬೇಕಿತ್ತು.

ಬೆಳಕು ನುಂಗಿ ಬೆಳಕು ಕೊಡುವ ಬಣ್ಣ

ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಒಂದು ಪುಟ್ಟ ನೇರಳೆ ದೀಪ ಇರುವುದನ್ನು ನೀವು ನೋಡಿರಬಹುದು. ನಾನು ವರ್ಷಗಟ್ಟಲೆ ಅದರ ಮುಂದೆ ಕುಳಿತವನು. ಅಸಲಿ ನೋಟನ್ನು ಆ ದೀಪದ ಕೆಳಗೆ ಹಿಡಿದರೆ, ನೋಟಿನ ನಂಬರು ಹೊಳೆಯುತ್ತದೆ, ಕಾಗದದೊಳಗಿನ ಸಣ್ಣ ಎಳೆಗಳು ಮಿನುಗುತ್ತವೆ. ದೀಪದಿಂದ ಬರುವ ಅತಿನೇರಳೆ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಆ ಶಾಯಿ ಅದನ್ನು ನುಂಗಿ, ಸ್ವಲ್ಪ ಶಕ್ತಿಯನ್ನು ತಾನಿಟ್ಟುಕೊಂಡು, ಉಳಿದದ್ದನ್ನು ಕಾಣುವ ಬೆಳಕಾಗಿ ಹಿಂದಿರುಗಿಸುತ್ತದೆ. ಕಮಿಷನ್ ಮುರಿದುಕೊಂಡು ಹಣ ಕೊಟ್ಟ ಹಾಗೆ! ಇದಕ್ಕೆ ಪ್ರತಿದೀಪ್ತಿ ಎಂದು ಹೆಸರು. 1852ರಲ್ಲಿ ಇಂಗ್ಲೆಂಡಿನ ಜಾರ್ಜ್ ಸ್ಟೋಕ್ಸ್ ಇದನ್ನು ಮೊದಲು ವಿವರಿಸಿದರು. ಅವರು ಬಳಸಿದ ದ್ರವಗಳಲ್ಲಿ ಒಂದು ಕ್ವಿನೈನ್. ಮಲೇರಿಯಾಕ್ಕೆ ನುಂಗುತ್ತಿದ್ದ ಆ ಕಹಿ ನಮ್ಮ ವಯಸ್ಸಿನವರ ನಾಲಿಗೆಗೆ ಇನ್ನೂ ನೆನಪಿದೆ.

1871ರಲ್ಲಿ ಜರ್ಮನಿಯ ಬೇಯರ್ ಎಂಬ ರಸಾಯನ ವಿಜ್ಞಾನಿ ಫ್ಲೋರೆಸೀನ್ ಎಂಬ ಬಣ್ಣ ತಯಾರಿಸಿದರು. ಅಜ್ಜ ಅಜ್ಜಿಯರಿಗೆ ಇದರ ಪರಿಚಯ ಇರಲೂಬಹುದು. ಸಕ್ಕರೆ ಕಾಯಿಲೆ ಇದ್ದವರ ಕಣ್ಣಿನ ಹಿಂಭಾಗದ ರಕ್ತನಾಳಗಳನ್ನು ಫೋಟೋ ತೆಗೆಯುವ ಮೊದಲು ತೋಳಿಗೆ ಚುಚ್ಚುವ ಹಳದಿ ಬಣ್ಣ ಇದೇ. ಈ ಬಣ್ಣಕ್ಕೆ ಒಂದು ಗುಣವಿದೆ. ಹುಳಿ ಇಲ್ಲದ ಕಡೆ ಹಸಿರಾಗಿ ಜೋರಾಗಿ ಬೆಳಗುತ್ತದೆ, ಹುಳಿಯಲ್ಲಿ ಮಂಕಾಗುತ್ತದೆ. ಹೈಡ್ರೋಜನ್ ಅಯಾನು ಬಂದು ಅದರ ತುದಿಗೆ ಅಂಟಿಕೊಂಡರೆ ಬೆಳಕು ಕುಗ್ಗುತ್ತದೆ, ಬಿಟ್ಟರೆ ಮತ್ತೆ ಬೆಳಗುತ್ತದೆ. ನಮಗೆ ಬೇಕಾದ ಹೊಳೆಯುವ ಅರಿಸಿನ ಸಿಕ್ಕಿತು!

ಸಿಂಕಿನಲ್ಲಿ ಮಿಂಚಿದ ಬೆಳಕು

ಇನ್ನೊಂದು ಬಣ್ಣ ಸಮುದ್ರದಿಂದ ಬಂತು. ಅದನ್ನು ತಂದವರು ಜಪಾನಿನ ಒಸಾಮು ಶಿಮೊಮುರಾ. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಅಣುಬಾಂಬು ಬಿದ್ದಾಗ ಅವರು 16 ವರ್ಷದ ಹುಡುಗ, ಕೆಲವು ಮೈಲಿ ದೂರದ ಇಸಹಾಯಾದಲ್ಲಿದ್ದರು. ಬೆಳಕಿನ ಹೊಡೆತಕ್ಕೆ ಸ್ವಲ್ಪ ಹೊತ್ತು ಕಣ್ಣೇ ಕಾಣಲಿಲ್ಲ. ಕಪ್ಪು ಮಳೆಯಲ್ಲಿ ನೆನೆದು ಮನೆಗೆ ಬಂದ ಮೊಮ್ಮಗನಿಗೆ ಅಜ್ಜಿ ಕೂಡಲೇ ಸ್ನಾನ ಮಾಡಿಸಿದರು. ಆ ಸ್ನಾನವೇ ತನ್ನನ್ನು ವಿಕಿರಣದಿಂದ ಉಳಿಸಿರಬಹುದು ಎಂದು ಅವರು ಮುಂದೆ ನೆನೆದಿದ್ದಾರೆ.

1961ರ ಬೇಸಿಗೆಯಲ್ಲಿ ಶಿಮೊಮುರಾ ಅಮೆರಿಕದ ಪಶ್ಚಿಮ ಕರಾವಳಿಯ ಫ್ರೈಡೇ ಹಾರ್ಬರ್‌ನಲ್ಲಿ ಬೆಳಗುವ ಜೆಲ್ಲಿಫಿಶ್ ಎಂಬ ಲೋಳೆಮೀನುಗಳನ್ನು ಹಿಡಿಯುತ್ತಿದ್ದರು. ಒಂದೇ ಬೇಸಿಗೆಯಲ್ಲಿ ಸುಮಾರು 10,000! ಆದರೆ ಹಿಂಡಿ ತೆಗೆದ ರಸ ತನ್ನ ಬೆಳಕನ್ನು ಆಗಲೇ ಖರ್ಚು ಮಾಡಿಬಿಡುತ್ತಿತ್ತು. ಬೆಳಕನ್ನು ತಡೆದು ಹಿಡಿಯುವುದು ಹೇಗೆ? ಅವರು ಹುಳಿಯನ್ನು ಪ್ರಯತ್ನಿಸಿದರು. ಪಿಎಚ್ 4ಕ್ಕೆ ಇಳಿಸಿದಾಗ ಬೆಳಕು ನಿಂತಿತು. ಸೋಡಾ ಹಾಕಿ ಹುಳಿ ತೆಗೆದಾಗ ಮತ್ತೆ ಬಂತು. ಕೆಲಸ ಮುಗಿಸಿ ಉಳಿದ ರಸವನ್ನು ಸಿಂಕಿಗೆ ಚೆಲ್ಲಿದರೆ ಇಡೀ ಸಿಂಕೇ ನೀಲಿಯಾಗಿ ಮಿಂಚಿತು! ಮೀನಿನ ತೊಟ್ಟಿಯಿಂದ ಸಮುದ್ರದ ನೀರು ಆ ಸಿಂಕಿಗೆ ಹರಿಯುತ್ತಿತ್ತು. ಅದರಲ್ಲಿದ್ದ ಕ್ಯಾಲ್ಸಿಯಂ ಆ ಬೆಳಕನ್ನು ಹೊತ್ತಿಸಿತ್ತು.

ಆ ನೀಲಿ ಬೆಳಕಿನ ವಸ್ತುವಿನ ಜೊತೆಗೆ ಇನ್ನೊಂದು ಪ್ರೋಟೀನೂ ಸಿಕ್ಕಿತು. ನೀಲಿ ಬೆಳಕನ್ನು ನುಂಗಿ ಹಸಿರು ಕೊಡುವ ಪ್ರೋಟೀನ್ ಅದು. 1994ರಲ್ಲಿ ಮಾರ್ಟಿನ್ ಚಾಲ್ಫಿ ಅದನ್ನು ಒಂದು ಪುಟ್ಟ ಹುಳುವಿನ ಮೈಯಲ್ಲೇ ತಯಾರಾಗುವಂತೆ ಮಾಡಿದರು. ರೋಜರ್ ಚಿಯೆನ್ ಅದರಿಂದ ಬಗೆಬಗೆಯ ಬಣ್ಣಗಳನ್ನು ಮಾಡಿದರು. 2008ರಲ್ಲಿ ಮೂವರಿಗೂ ರಸಾಯನ ವಿಜ್ಞಾನದ ನೊಬೆಲ್ ಬಂತು.

1998ರಲ್ಲಿ ಗೆರೊ ಮೀಸೆನ್‌ಬಾಕ್, ಜೇಮ್ಸ್ ರಾಥ್‌ಮನ್ ಮತ್ತು ಸಂಗಡಿಗರು ನ್ಯೂಯಾರ್ಕಿನಲ್ಲಿ ಈ ಹಸಿರು ಪ್ರೋಟೀನನ್ನು ತಿದ್ದಿ ಹುಳಿಗೆ ಸ್ಪಂದಿಸುವಂತೆ ಮಾಡಿದರು. ನರಕೋಶಗಳು ಒಂದಕ್ಕೊಂದು ಸುದ್ದಿ ಕಳಿಸುವುದು ಪುಟ್ಟ ಗುಳ್ಳೆಗಳಲ್ಲಿ ತುಂಬಿದ ರಾಸಾಯನಿಕದ ಮೂಲಕ. ಗುಳ್ಳೆಯೊಳಗೆ ಹುಳಿ, ಹೊರಗೆ ಹುಳಿ ಇಲ್ಲ. ಗುಳ್ಳೆ ಮುಚ್ಚಿದ್ದಾಗ ಬಣ್ಣ ಮಂಕಾಗಿರುತ್ತದೆ, ಬಾಯಿ ತೆರೆದೊಡನೆ ಹುಳಿ ಹೋಗಿ ಬಣ್ಣ ಬೆಳಗುತ್ತದೆ. ಅಂದರೆ ನರಕೋಶ ಮಾತಾಡುವ ಕ್ಷಣವನ್ನು ಕಣ್ಣಾರೆ ನೋಡಬಹುದು.

ಒಂದು ಲೆಕ್ಕ ಮಾಡೋಣ

ಒಂದು ತೊಡಕು ಉಳಿಯಿತು. ಒಂದು ಜಾಗ ಮಂಕಾಗಿ ಕಂಡರೆ ಅಲ್ಲಿ ಹುಳಿ ಹೆಚ್ಚು ಎನ್ನಬೇಕೋ, ಬಣ್ಣವೇ ಅಲ್ಲಿಗೆ ಕಡಿಮೆ ಹೋಗಿದೆ ಎನ್ನಬೇಕೋ? "ನಮ್ಮ ತರಗತಿಯಲ್ಲಿ 10 ಮಕ್ಕಳು ಪಾಸಾದರು" ಎಂದರೆ, ತರಗತಿಯಲ್ಲಿ ಎಷ್ಟು ಮಕ್ಕಳು ಎಂದು ಗೊತ್ತಿಲ್ಲದೆ ಅದು ಒಳ್ಳೆಯ ಫಲಿತಾಂಶವೋ ಕೆಟ್ಟದ್ದೋ ಹೇಳಲಾಗದು, ಅಲ್ಲವೇ?

ಅದಕ್ಕೆ ವಿಜ್ಞಾನಿಗಳು ಎರಡು ಬಣ್ಣ ಒಟ್ಟಿಗೆ ಕಳಿಸುತ್ತಾರೆ. ಹಸಿರು ಹುಳಿಗೆ ಮಂಕಾಗುವುದು, ಕೆಂಪು ಹುಳಿ ಇದ್ದರೂ ಇಲ್ಲದಿದ್ದರೂ ಬದಲಾಗದ್ದು ಎಂದಿಟ್ಟುಕೊಳ್ಳಿ. ಮೊದಲ ಕೋಣೆಯಲ್ಲಿ ಹಸಿರು 30, ಕೆಂಪು 60. ಎರಡನೆಯದರಲ್ಲಿ ಹಸಿರು 10, ಕೆಂಪು 20. ಮೂರನೆಯದರಲ್ಲಿ ಹಸಿರು 10, ಕೆಂಪು 60. ಹಸಿರನ್ನು ಕೆಂಪಿನಿಂದ ಭಾಗಿಸಿ. ಮೊದಲೆರಡರಲ್ಲೂ ಅರ್ಧ. ಅಂದರೆ ಹುಳಿ ಸಮ, ಎರಡನೆಯದಕ್ಕೆ ಬಣ್ಣ ಕಡಿಮೆ ಹೋಗಿದೆ ಅಷ್ಟೆ. ಮೂರನೆಯದರಲ್ಲಿ ಆರನೆಯ ಒಂದು ಭಾಗ. ಹುಳಿ ಹೆಚ್ಚಿರುವುದು ಅಲ್ಲಿ. ಐದನೇ ಆರನೇ ತರಗತಿಯ ಈ ಭಾಗಾಕಾರ ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲಿ ದಿನವೂ ನಡೆಯುತ್ತದೆ.

ಬೆಂಗಳೂರಿನ ಅಡಕತ್ತರಿ

ಈಗ ನಮ್ಮ ಊರಿನ ಕಥೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ, ಎನ್‌ಸಿಬಿಎಸ್ ಎಂಬ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. ಅಲ್ಲಿ ಯಮುನಾ ಕೃಷ್ಣನ್ ಮತ್ತು ಸಂಗಡಿಗರು 2009ರಲ್ಲಿ ಹುಳಿ ಅಳೆಯುವ ಒಂದು ಯಂತ್ರ ಮಾಡಿದರು. ಯಂತ್ರ ಎಂದರೆ ಕಬ್ಬಿಣದ್ದಲ್ಲ, ಡಿಎನ್‌ಎಯದ್ದು! ತಂದೆ ತಾಯಿಯ ಗುಣ ಮಕ್ಕಳಿಗೆ ತಲುಪಿಸುವ ಅದೇ ಡಿಎನ್‌ಎ ಎಳೆ.

ಅದು ಅಡಕತ್ತರಿಯ ಹಾಗೆ. ಎರಡು ಕೈ, ನಡುವೆ ಒಂದು ಕೀಲು. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಸೈಟೋಸಿನ್ ಎಂಬುದು ಒಂದು. ಅದು ಸಾಲಾಗಿ ಇರುವ ಎಳೆಗಳು ಹುಳಿ ಸಿಕ್ಕಿದರೆ ಒಂದನ್ನೊಂದು ಹಿಡಿದುಕೊಂಡು ಮಡಚಿಕೊಳ್ಳುತ್ತವೆ. ಇಂಥ ಎಳೆಗಳನ್ನು ಕೈಗಳ ತುದಿಯಲ್ಲಿ ಇಟ್ಟರು. ಹುಳಿ ಇಲ್ಲದಾಗ ಅಡಕತ್ತರಿ ತೆರೆದಿರುತ್ತದೆ, ಹುಳಿಯಲ್ಲಿ ಮುಚ್ಚಿಕೊಳ್ಳುತ್ತದೆ. ಮುಚ್ಚಿದ್ದು ಗೊತ್ತಾಗುವುದು ಹೇಗೆ? ಒಂದು ತುದಿಗೆ ಹಸಿರು ಬಣ್ಣ, ಇನ್ನೊಂದಕ್ಕೆ ಕಡುಗೆಂಪು. ಎರಡೂ ಹತ್ತಿರ ಬಂದರೆ ಹಸಿರು ತನ್ನ ಶಕ್ತಿಯನ್ನು ಕೆಂಪಿಗೆ ದಾಟಿಸುತ್ತದೆ. ಹಸಿರು ಕುಗ್ಗಿ ಕೆಂಪು ಏಳುತ್ತದೆ. ದೂರ ಇದ್ದರೆ ಕೈಗೆ ಕೈ ಎಟುಕದೆ ಹಸಿರು ತಾನೇ ಬೆಳಗುತ್ತದೆ. ಮತ್ತೆ ಅದೇ ಎರಡು ಬಣ್ಣದ ಲೆಕ್ಕ!

ಮೊದಲು ಹಣ್ಣುನೊಣದ ಕೋಶಗಳಲ್ಲಿ ಇದನ್ನು ಪರೀಕ್ಷಿಸಿದರು. 2011ರಲ್ಲಿ ಬದುಕಿರುವ ಒಂದು ಇಡೀ ಹುಳುವಿನೊಳಗೇ ಕಳಿಸಿದರು. ಸಿ. ಎಲಿಗನ್ಸ್ ಎಂಬ ಈ ಹುಳು ಒಂದು ಮಿಲಿಮೀಟರ್ ಉದ್ದ, ಗಾಜಿನಂತೆ ಪಾರದರ್ಶಕ. ಅದರ ಮೈಯಲ್ಲಿ ಕಸ ಹೆಕ್ಕುವ ಆರು ಕೋಶಗಳಿವೆ. ಅವು ಈ ಅಡಕತ್ತರಿಗಳನ್ನೂ ಕಸ ಎಂದುಕೊಂಡು ನುಂಗಿದವು. ನುಂಗಿದ್ದು ಕೋಣೆಯಿಂದ ಕೋಣೆಗೆ ಸಾಗಿ ಲೈಸೊಸೋಮ್ ತಲುಪುವವರೆಗೂ ಹುಳಿ ಹೆಜ್ಜೆಹೆಜ್ಜೆಗೆ ಏರುವುದು ಬಣ್ಣದಲ್ಲಿ ಕಂಡಿತು. ಹುಳು ಜೀವಂತವಾಗಿಯೇ ಇತ್ತು. ಈ ಹಾದಿಯ ಕೆಲಸಕ್ಕೆ ಯಮುನಾ ಕೃಷ್ಣನ್ ಅವರಿಗೆ 2013ರಲ್ಲಿ ಭಟ್ನಾಗರ್ ಪ್ರಶಸ್ತಿ, 2017ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಬಂದವು.

ಮನುಷ್ಯರಲ್ಲಿ?

ನಾವು ಗಾಜಿನ ಹುಳುಗಳಲ್ಲ. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಬೆರಳಿಗೆ ಒತ್ತಿ ಹಿಡಿದು ನೋಡಿ. ಬೆರಳು ಕೆಂಪಾಗಿ ಬೆಳಗುತ್ತದೆ. ಬಿಳಿ ಬೆಳಕಿನ ನೀಲಿ ಹಸಿರುಗಳನ್ನು ರಕ್ತಮಾಂಸ ತಡೆಯುತ್ತದೆ, ಕೆಂಪು ಮಾತ್ರ ದಾಟುತ್ತದೆ. ಆದ್ದರಿಂದ ಮನುಷ್ಯರಿಗೆ ಕೆಂಪಿಗಿಂತಲೂ ಆಚೆಯ, ಕ್ಯಾಮೆರಾಕ್ಕೆ ಮಾತ್ರ ಕಾಣುವ ಬಣ್ಣ ಬೇಕು. ಅದೂ ಕೆಲವೇ ಮಿಲಿಮೀಟರ್ ಆಳದವರೆಗೆ ಚೆನ್ನಾಗಿ ಕಾಣುತ್ತದೆ.

ಆದರೆ ಶಸ್ತ್ರಚಿಕಿತ್ಸೆಯಲ್ಲಿ ಮೈ ತೆರೆದಿರುತ್ತದಲ್ಲ? ಕ್ಯಾನ್ಸರ್ ಗಡ್ಡೆಯ ಕೋಶಗಳು ಸಕ್ಕರೆಯನ್ನು ಅರ್ಧಂಬರ್ಧ ಉರಿಸಿ ಲ್ಯಾಕ್ಟಿಕ್ ಆಮ್ಲವನ್ನು ಹೊರಗೆ ಚೆಲ್ಲುತ್ತವೆ. ಜರ್ಮನಿಯ ಓಟೊ ವಾರ್ಬರ್ಗ್ 1920ರ ದಶಕದಲ್ಲೇ ಗಡ್ಡೆಗಳ ಈ ಚಾಳಿ ಗುರುತಿಸಿದ್ದರು. ಗಡ್ಡೆಯ ಸುತ್ತ ಪಿಎಚ್ 7ಕ್ಕಿಂತ ಕೆಳಗಿಳಿಯುವುದುಂಟು. ಆ ಹುಳಿಯಲ್ಲಿ ಮಾತ್ರ ಬೆಳಗುವ ಬಣ್ಣವನ್ನು ನೆದರ್ಲ್ಯಾಂಡ್ಸ್ ದೇಶದ ಗ್ರೋನಿಂಗೆನ್ ಆಸ್ಪತ್ರೆಯಲ್ಲಿ ರೋಗಿಗಳಿಗೆ ಶಸ್ತ್ರಚಿಕಿತ್ಸೆಗೆ ಮೊದಲು ಕೊಟ್ಟು ನೋಡಿದ್ದಾರೆ. ಗಡ್ಡೆ ಬೆಳಗಿದರೆ ಎಲ್ಲಿಯವರೆಗೆ ಕತ್ತರಿಸಬೇಕು ಎಂದು ತಿಳಿಯುವುದು ಸುಲಭ. ಇದು ಪರೀಕ್ಷೆಯ ಕೆಲಸ, ಎಲ್ಲ ಆಸ್ಪತ್ರೆಗಳಲ್ಲೂ ಸಿಗುವ ಚಿಕಿತ್ಸೆ ಎಂದು ತಿಳಿಯಬೇಡಿ.

ಅಜ್ಜ ಅಜ್ಜಿಯರೇ, ಈ ಮಾತು ನಿಮಗೆ

"ನಿಮ್ಮ ಮೈಯೆಲ್ಲ ಆಮ್ಲವಾಗಿದೆ, ಎಲ್ಲ ರೋಗಕ್ಕೂ ಅದೇ ಮೂಲ, ಕ್ಷಾರದ ನೀರು ಕುಡಿಯಿರಿ" ಎಂದು ಸಾವಿರಾರು ರೂಪಾಯಿಯ ಯಂತ್ರ ಮಾರುವವರು ಮನೆಬಾಗಿಲಿಗೆ, ಮೊಬೈಲಿಗೆ ಬರುತ್ತಾರೆ. ಪಿಂಚಣಿಯ ದುಡ್ಡು ಎತ್ತಿಕೊಡುವ ಮೊದಲು ಮೊಮ್ಮಕ್ಕಳ ಕೈಯಲ್ಲಿ ಒಂದು ಲೆಕ್ಕ ಮಾಡಿಸಿ.

ಆ ನೀರಿನ ಪಿಎಚ್ 9 ಎನ್ನಿ. 7ರಿಂದ ಎರಡು ಮೆಟ್ಟಿಲು ಮೇಲೆ. ಅದರ ಕ್ಷಾರವನ್ನು ಸರಿದೂಗಿಸಲು 7ರಿಂದ ಎರಡು ಮೆಟ್ಟಿಲು ಕೆಳಗಿನ, ಅಂದರೆ ಪಿಎಚ್ 5ರ ಹುಳಿ ಅಷ್ಟೇ ಪ್ರಮಾಣದಲ್ಲಿ ಸಾಕು. ಜಠರರಸದ ಪಿಎಚ್ 2. ಅದು 5ಕ್ಕಿಂತ ಮೂರು ಮೆಟ್ಟಿಲು ಕೆಳಗೆ, ಎಂದರೆ ಸಾವಿರ ಪಟ್ಟು ಹುಳಿ. ಹಾಗಾದರೆ 200 ಮಿಲಿಲೀಟರಿನ ಒಂದು ಲೋಟ ನೀರಿಗೆ ಬೇಕಾದ ಜಠರರಸ 0.2 ಮಿಲಿಲೀಟರ್, ಸುಮಾರು ನಾಲ್ಕು ಹನಿ! ನೀರಿನಲ್ಲಿ ಲವಣಗಳು ಕರಗಿದ್ದರೆ ಇನ್ನಷ್ಟು ಹನಿ ಬೇಕಾದೀತು, ಆದರೆ ಅದೂ ಜಠರಕ್ಕೆ ದೊಡ್ಡ ಕೆಲಸವಲ್ಲ. ರಕ್ತದ ಪಿಎಚ್ ಕಾಯುವ ಕೆಲಸ ಶ್ವಾಸಕೋಶ ಮತ್ತು ಮೂತ್ರಪಿಂಡಗಳದ್ದು. ಅವು ಕೈಕೊಟ್ಟರೆ ಬೇಕಾದದ್ದು ವೈದ್ಯರು, ಯಂತ್ರವಲ್ಲ. ಇನ್ನು ಗಡ್ಡೆಯ ಸುತ್ತಲಿನ ಹುಳಿ ಗಡ್ಡೆಯೇ ಚೆಲ್ಲಿದ್ದು, ಲೋಟದ ನೀರು ಅದನ್ನು ತೊಳೆಯಲಾರದು. ಇಂಥ ನೀರನ್ನು ನಂಬಿ ಮಾತ್ರೆ ನಿಲ್ಲಿಸುವುದಂತೂ ಬೇಡವೇ ಬೇಡ.

ಹುಳಿ ಕೆಟ್ಟದ್ದಲ್ಲ, ಕ್ಷಾರ ಒಳ್ಳೆಯದೂ ಅಲ್ಲ. ಜಠರದಲ್ಲಿ ಹುಳಿ ಬೇಕು, ರಕ್ತದಲ್ಲಿ ಬೇಡ. ಕೋಶದ ಕಸದ ಕೋಣೆಯಲ್ಲಿ ಬೇಕು, ನಡುಮನೆಯಲ್ಲಿ ಬೇಡ. "ಎಷ್ಟು?" ಎಂದು ಕೇಳುವ ಮೊದಲು "ಎಲ್ಲಿ?" ಎಂದು ಕೇಳಬೇಕು. ಹೊಳೆಯುವ ಬಣ್ಣಗಳಿಂದ ವಿಜ್ಞಾನಿಗಳು ಕೇಳುತ್ತಿರುವುದೂ ಅದನ್ನೇ.

ಈ ವಾರ ಮಾಡಿ ನೋಡಿ

ಕೆಂಪು ದಾಸವಾಳದ ನಾಲ್ಕೈದು ಎಸಳುಗಳನ್ನು ದೊಡ್ಡವರ ಸಹಾಯದಿಂದ ಬಿಸಿನೀರಿನಲ್ಲಿ ನೆನೆಸಿ, ರಸ ಸೋಸಿ ಮೂರು ಲೋಟಕ್ಕೆ ಹಂಚಿ. ಒಂದಕ್ಕೆ ನಿಂಬೆರಸ, ಒಂದಕ್ಕೆ ಅಡುಗೆ ಸೋಡಾ ಹಾಕಿ, ಮೂರನೆಯದನ್ನು ಹಾಗೇ ಬಿಡಿ. ಮೂರು ಬಣ್ಣಗಳನ್ನೂ ಬರೆದಿಡಿ. ಆಮೇಲೆ ಅಜ್ಜಿ ಕಣ್ಣು ಮುಚ್ಚಿಕೊಂಡಿರುವಾಗ ಸೋಡಾ ಹಾಕಿದ ಲೋಟಕ್ಕೆ ನಿಂಬೆರಸವನ್ನು ಹನಿಹನಿಯಾಗಿ ಬಿಡಿ. ಬಣ್ಣ ಬದಲಾಗಲು ಎಷ್ಟು ಹನಿ ಬೇಕಾಯಿತು ಎಂದು ಅಜ್ಜಿ ಊಹಿಸಲಿ, ನೀವು ಎಣಿಸಿ. ಗೆದ್ದವರು ಯಾರು ಎಂದು ನನಗೆ ಬರೆದು ತಿಳಿಸಿ.